ಗಡ್‌ಬಡ್‌ಗೆ ಆ ಹೆಸರು ಬಂದದ್ದು

ಗಡ್‌ಬಡ್ ಐಸ್‌ಕ್ರೀಂ ಹುಟ್ಟಿದ್ದು ಉಡುಪಿಯಲ್ಲಿ ಅಂತ ಮಂಗಳೂರಿನವರ ಎದುರು ಹೇಳಿ ನೋಡಿ, ಮಾತು ಬೇಗ ಮುಗಿಯುವುದಿಲ್ಲ. ನಾನು ಉಡುಪಿ ಕಡೆಯವಳು. ನಮ್ಮಲ್ಲಿ ಯಾರನ್ನು ಕೇಳಿದರೂ ಡಯಾನಾ ಹೋಟೆಲಿನ ಹೆಸರು ಹೇಳುತ್ತಾರೆ. ಮಂಗಳೂರಿನಲ್ಲಿ ಬೆಳೆದವರಿಗೆ ಗಡ್‌ಬಡ್ ಅಂದರೆ ಐಡಿಯಲ್, 1975ರಲ್ಲಿ ಪ್ರಭಾಕರ ಕಾಮತರು ಶುರು ಮಾಡಿದ ಐಸ್‌ಕ್ರೀಂ. ಮಂಗಳೂರಿನ ಲಾಲ್‌ಬಾಗಿನಲ್ಲಿರುವ ಪಬ್ಬಾಸ್ ಐಸ್‌ಕ್ರೀಂ ಪಾರ್ಲರ್ ಕೂಡ ಐಡಿಯಲ್‌ನವರದ್ದೇ. ಅಲ್ಲಿನ ಗಡ್‌ಬಡ್ ನನಗೂ ತುಂಬಾ ಇಷ್ಟ. ಆದರೆ ಹೆಸರಿನ ವಿಷಯದಲ್ಲಿ ನಾನು ಉಡುಪಿಯ ಪಕ್ಷ.

ಆ ಕತೆ ನನಗೆ ಹೇಳಿದ್ದು ಮಾವ, ಅಮ್ಮನ ತಮ್ಮ. ಒಂದು ದಿನ ಹೋಟೆಲಿಗೆ ದೊಡ್ಡ ಗುಂಪು ಬಂತಂತೆ. ಎಲ್ಲರಿಗೂ ಅವಸರ. ಅಷ್ಟೂ ಜನರಿಗೆ ಸಾಲುವಷ್ಟು ಒಂದೇ ಬಗೆಯ ಐಸ್‌ಕ್ರೀಂ ಇರಲಿಲ್ಲವಂತೆ. ಅದಕ್ಕೇ ಇದ್ದಬದ್ದ ಬಗೆಗಳನ್ನೆಲ್ಲ ಒಂದರ ಮೇಲೊಂದು ಉದ್ದ ಗ್ಲಾಸಿಗೆ ಹಾಕಿ, ನಡುವೆ ಹಣ್ಣು, ಜೆಲ್ಲಿ, ಗೋಡಂಬಿ ಸೇರಿಸಿ ಕೊಟ್ಟರಂತೆ. ಬಂದವರು ಚಪ್ಪರಿಸಿ ತಿಂದು, ಇದರ ಹೆಸರೇನು ಅಂತ ಕೇಳಿದರಂತೆ. ‘ಗಡ್‌ಬಡ್’ ಅನ್ನುವ ಉತ್ತರ ಬಂತಂತೆ.

ಕನ್ನಡದ ಗಡಿಬಿಡಿಯಲ್ಲಿ ಅವಸರ ಇದೆ. ಹಿಂದಿಯವರ ಗಡ್‌ಬಡ್‌ನಲ್ಲಿ ಗೋಜಲು, ಎಡವಟ್ಟು ಇದೆ. ಕತೆಯಲ್ಲೂ ಎರಡೂ ಇವೆ, ಅಲ್ವಾ?

ಇಂಗ್ಲೆಂಡಿನಲ್ಲೂ ಇಂಥದ್ದೇ ಒಂದು ತಿನಿಸು ಉಂಟು, ಈಟನ್ ಮೆಸ್ ಅಂತ. ಸ್ಟ್ರಾಬೆರಿ, ಕ್ರೀಂ, ಜೊತೆಗೆ ಮೊಟ್ಟೆಯ ಬಿಳಿಭಾಗ ಮತ್ತು ಸಕ್ಕರೆಯಿಂದ ಮಾಡಿದ ಗರಿಗರಿ ಮೆರಾಂಗ್, ಎಲ್ಲವನ್ನೂ ಮುರಿದು ಕಲಸಿದ್ದು. ಈಟನ್ ಶಾಲೆಯ ಹುಡುಗರ ಪಿಕ್‌ನಿಕ್ಕಿನಲ್ಲಿ ಒಂದು ನಾಯಿ ಬುಟ್ಟಿಯ ಮೇಲೆ ಕೂತು ಒಳಗಿದ್ದ ಸಿಹಿ ಪುಡಿಪುಡಿಯಾಯಿತು ಅನ್ನುವ ಕತೆ ಅದಕ್ಕಿದೆ. ಕೇಳಲು ಚೆನ್ನಾಗಿದೆ, ನಂಬಲು ಆಗುವುದಿಲ್ಲ.

ಉಡುಪಿಯ ಕತೆಯನ್ನು ನಾನು ನಂಬುತ್ತೇನೆ. ಮಾವನಿಗೆ ಬಸ್‌ಸ್ಟ್ಯಾಂಡಿನ ಹತ್ತಿರ ಸಣ್ಣ ಕೂಲ್‌ಡ್ರಿಂಕ್ಸ್ ಅಂಗಡಿ ಇತ್ತು. ಏಪ್ರಿಲ್, ಮೇ ತಿಂಗಳಲ್ಲಿ ಸಂಜೆಯಾಗುವಷ್ಟರಲ್ಲಿ ವೆನಿಲಾ ಡಬ್ಬ ಖಾಲಿ. ಪಿಸ್ತಾ ಅರ್ಧ, ಸ್ಟ್ರಾಬೆರಿ ತಳದಲ್ಲಿ ಸ್ವಲ್ಪ. ಆಗಲೇ ಮದುವೆ ಮುಗಿಸಿ ಬಂದ ಏಳೆಂಟು ಜನ ಒಟ್ಟಿಗೆ ಒಳಗೆ ಬರುತ್ತಾರೆ, ಬಸ್ಸಿಗೆ ಹೊತ್ತಾಯಿತು ಮಾರಾಯ್ರೇ ಅನ್ನುತ್ತಾರೆ. ಇಲ್ಲ ಅಂತ ವಾಪಸ್ ಕಳಿಸಲು ಯಾವ ಅಂಗಡಿಯವನಿಗೂ ಮನಸ್ಸು ಬರುವುದಿಲ್ಲ. ಇಂಥ ಹೊತ್ತಿನಲ್ಲಿ ಹೊಸ ತಿನಿಸು ಹುಟ್ಟುವುದು ಎಷ್ಟು ಸಹಜ!

ಹೆಸರು ಹಾಗಿದ್ದರೂ ಮಾವ ಗಡ್‌ಬಡ್ ಮಾಡುವಾಗ ಒಂಚೂರೂ ಗಡಿಬಿಡಿ ಮಾಡುತ್ತಿರಲಿಲ್ಲ. ಮೊದಲು ತಳಕ್ಕೆ ಕೆಂಪು ಜೆಲ್ಲಿಯ ತುಂಡುಗಳು. ಅದರ ಮೇಲೆ ಸೇಬು, ಬಾಳೆಹಣ್ಣು, ಅನಾನಸ್. ಅನಾನಸ್ಸಿನ ರಸವನ್ನು ಸೋಸು ಬಟ್ಟಲಲ್ಲಿ ಪೂರ್ತಿ ಇಳಿಸಿಯೇ ಹಾಕಬೇಕು, ಇಲ್ಲದಿದ್ದರೆ ಗ್ಲಾಸಿನ ತಳದಲ್ಲಿ ನೀರು ನಿಲ್ಲುತ್ತದೆ. ಆಮೇಲೆ ಒಂದು ಸ್ಕೂಪ್, ಮೇಲೆ ಗೋಡಂಬಿ, ದ್ರಾಕ್ಷಿ. ಮತ್ತೊಂದು ಬಗೆಯ ಸ್ಕೂಪ್, ಅದರ ಮೇಲೆ ಟೂಟಿಫ್ರೂಟಿ. ಅದು ಸಕ್ಕರೆ ಪಾಕದಲ್ಲಿ ಬೆಂದ ಪಪ್ಪಾಯಿಕಾಯಿ ಅಂತ ಎಷ್ಟೋ ಜನರಿಗೆ ಗೊತ್ತೇ ಇಲ್ಲ. ಕೊನೆಗೆ ಮೂರನೆಯ ಸ್ಕೂಪ್, ತಲೆಯ ಮೇಲೊಂದು ಚೆರ್ರಿ. ಉದ್ದ ಚಮಚ ಇಲ್ಲದೆ ಕೊಟ್ಟರೆ ತಿನ್ನುವವರಿಗೆ ತಳ ಸಿಗುವುದೇ ಇಲ್ಲ. ಮೇಲಿನದು ಕರಗಿ ಕೆಳಗಿನ ಹಣ್ಣಿಗೆ ಇಳಿದಾಗಲೇ ಅಸಲಿ ರುಚಿ. ಸುಮ್ನೆ ಕಲಸಿಬಿಟ್ಟರೆ ಎಲ್ಲ ಒಂದೇ ಆಗಿಬಿಡುತ್ತದೆ.

ಈಗ ಬೆಂಗಳೂರಿನ ಎಷ್ಟೋ ಕಡೆ ಸಿಗುತ್ತದೆ. ಕೆಲವು ಮೆನು ಕಾರ್ಡಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ‘ಗುಡ್‌ಬುಡ್’ ಅಂತ ಓದುವ ಹಾಗೆ ಬರೆದಿರುತ್ತಾರೆ. ಹೊಸಬರು ಹಾಗೇ ಓದಿ ಹಾಗೇ ಕೇಳುತ್ತಾರೆ. ಪಾಪ, ಅದರಲ್ಲಿ ಅವರ ತಪ್ಪೇನೂ ಇಲ್ಲ. ಪಕ್ಕದಲ್ಲಿ ಕನ್ನಡದಲ್ಲೂ ಬರೆದರೆ ಸಾಕು, ಹೆಸರಿನ ಮಜಾ ಅವರಿಗೂ ಸಿಗುತ್ತದೆ.

ಅದಕ್ಕಿಂತ ಜಾಸ್ತಿ ಬೇಜಾರಾಗುವುದು ಮೂರೂ ಸ್ಕೂಪ್ ವೆನಿಲಾ ಹಾಕಿ ಕೊಟ್ಟಾಗ. ಒಂದೇ ಬಗೆ ಸಾಲದೆ ಬಂದದ್ದಲ್ಲವೇ ಈ ಹೆಸರು? ಹಾಗಾಗಿ ಆರ್ಡರ್ ಕೊಡುವ ಮುಂಚೆ ಯಾವ ಯಾವ ಬಗೆ ಹಾಕುತ್ತೀರಿ ಅಂತ ಕೇಳಿಬಿಡುತ್ತೇನೆ. ಒಂದೇ ಅಂದರೆ ಫ್ರೂಟ್ ಸಲಾಡ್ ಹೇಳುತ್ತೇನೆ.