ಹುರಿದದ್ದು, ಸೀದದ್ದು: ಟ್ರಿಯೆಸ್ಟೆಯಿಂದ ಲೆಕ್ಕ

ವಾರ 1

ನಾನು ಮೂಡಿಗೆರೆ ಕಡೆಯವನು, ಒಂಬತ್ತು ವರ್ಷದಿಂದ ಜರ್ಮನಿಯ ಲೈಪ್‌ಜಿಗ್‌ನಲ್ಲಿದ್ದೇನೆ. ಅಲ್ಲಿ ನಮ್ಮೂರ ಕಾಫಿ ಬೀಜ ಹುರಿದು ಮಾರಬೇಕೆಂಬ ಆಸೆ ಹಳೆಯದು. ಕೊನೆಗೂ 'ಎರಾಸ್ಮಸ್ ಫಾರ್ ಯಂಗ್ ಆಂತ್ರಪ್ರೆನರ್ಸ್'ಗೆ ಅರ್ಜಿ ಹಾಕಿದೆ. ಯುರೋಪಿಯನ್ ಒಕ್ಕೂಟ 2009ರಿಂದ ನಡೆಸುತ್ತಿರುವ ಯೋಜನೆ ಇದು. ವ್ಯಾಪಾರಕ್ಕೆ ಹೊಸಬರಾದವರು ಬೇರೆ ದೇಶದ ಅನುಭವಿಯೊಬ್ಬರ ಜೊತೆ ಒಂದರಿಂದ ಆರು ತಿಂಗಳು ಇದ್ದು ಕೆಲಸ ಕಲಿಯಬಹುದು. ಹೆಸರಲ್ಲಿ ಯಂಗ್ ಇದ್ದರೂ ಮೇಲಿನ ವಯಸ್ಸಿಗೆ ಮಿತಿಯಿಲ್ಲ. 41ರ ನನಗೆ ಅದೇ ಧೈರ್ಯ.

ನನಗೆ ಸಿಕ್ಕಿದ್ದು ಇಟಲಿಯ ಟ್ರಿಯೆಸ್ಟೆ, ಮೂರು ತಿಂಗಳು. 1719ರಲ್ಲಿ ಸುಂಕವಿಲ್ಲದ ಬಂದರಾದ ಊರು, ಇವತ್ತಿಗೂ ಕಾಫಿ ಊರು. ಇಲ್ಲಿ ಕಾಫಿ ಕೇಳೋಕೂ ಬೇರೆ ಭಾಷೆ! 'ಕಾಪೊ ಇನ್ ಬಿ' ಅಂದರೆ ಪುಟ್ಟ ಗಾಜಿನ ಲೋಟದಲ್ಲಿ ಎಸ್ಪ್ರೆಸೊ, ಮೇಲೆ ಚೂರು ಹಾಲಿನ ನೊರೆ. ನಮ್ಮ ದರ್ಶಿನಿಯ ಲೋಟದ ಕಾಫಿ ನೆನಪಾಯಿತು.

ವಾರ 3

ಐದು ಕಿಲೋ ಬೀಜ ಸೀಯಿಸಿದೆ. ಹುರಿಯುವ ಯಂತ್ರದ ಡ್ರಮ್ ಕಾದಿದ್ದು ಜಾಸ್ತಿಯಾಗಿತ್ತು. ಬೀಜದ ಮೈಮೇಲೆ ಕರಿ ಚುಕ್ಕೆ, ಒಳಗೆ ಇನ್ನೂ ಹಸಿ. ಬೀಜ ಸಿಡಿಯುವ ಮೊದಲ ಚಟಪಟ ಸದ್ದು ಬರುವ ಮೊದಲೇ ಸೀದ ವಾಸನೆ ಬಂತು. ಅಜ್ಜಿಯ ಬಾಣಲೆ ಮುಂದೆ ನಿಂತಿದ್ದರೆ ತಕ್ಷಣ ಇಳಿಸುತ್ತಿದ್ದೆ. ಇಲ್ಲಿ ಮೂಗು ಬಿಟ್ಟು ಯಂತ್ರದ ಪರದೆ ನಂಬಿದೆ.

ನನಗೆ ಇಲ್ಲಿ ಕೆಲಸ ಕಲಿಸುವ ಸಿನ್ಯೋರಾ (ಇಟಾಲಿಯನ್‌ನಲ್ಲಿ 'ಅಮ್ಮಾವ್ರು') ಬೈಯಲಿಲ್ಲ. ಅರವತ್ತು ದಾಟಿದವರು, ಮಾತು ಕಡಿಮೆ. ಒಂದು ಚೀಟಿಯಲ್ಲಿ '40 ಯೂರೋ' ಎಂದು ಬರೆದು ಯಂತ್ರದ ಪಕ್ಕ ಅಂಟಿಸಿದರು. ಕಿಲೋಗೆ 8ರಂತೆ ಐದು ಕಿಲೋ.

ವಾರ 5

ನನ್ನ ವ್ಯಾಪಾರದ ಯೋಜನೆಯಲ್ಲಿ 'ನೂರಕ್ಕೆ ನೂರು ಅರೇಬಿಕಾ' ಎಂದು ದೊಡ್ಡದಾಗಿ ಬರೆದಿದ್ದೆ. ಅಪ್ಪನ ತೋಟದಲ್ಲಿ ಇರುವುದೆಲ್ಲ ರೊಬಸ್ಟಾ, ಅಗ್ಗದ್ದು ಅಂತ ಹೆಸರಾದ ಇನ್ನೊಂದು ಕಾಫಿ ಜಾತಿ. ಅದನ್ನು ಹೇಳೋಕೆ ಒಂಥರಾ ನಾಚಿಕೆ, ಅದಕ್ಕೇ ಬಿಟ್ಟಿದ್ದೆ. ಇಲ್ಲಿ ನೋಡಿದರೆ ಗೋದಾಮಿನಲ್ಲಿ ಭಾರತದ ರೊಬಸ್ಟಾ ಚೀಲಗಳು. ಎಸ್ಪ್ರೆಸೊ ಮೇಲೆ ದಪ್ಪ ನೊರೆ ನಿಲ್ಲಬೇಕಾದರೆ ಇದು ಬೇಕಂತೆ. ನಮ್ಮ ದೇಶದ ಕಾಫಿ ಹೆಚ್ಚು ಹೋಗುವುದೇ ಇಟಲಿಗೆ. ಅದನ್ನು ನಾನು ಬರೀ ಅಂಕಿಯಾಗಿ ಓದಿದ್ದೆ, ಅಷ್ಟೇ.

ರಾತ್ರಿ ಅಪ್ಪನಿಗೆ ಫೋನ್ ಮಾಡಿ ಹೇಳಿದೆ. 'ನಲವತ್ತು ವರ್ಷದಿಂದ ಬೆಳೀತಿದೀನಿ, ನಿಂಗೆ ಈಗ ಗೊತ್ತಾಯ್ತೇನೋ?' ಅಂದರು.

ವಾರ 8

ಇವತ್ತು ಹುರಿಯಲಿಲ್ಲ, ದಿನವಿಡೀ ಲೆಕ್ಕ. ಲೈಪ್‌ಜಿಗ್‌ನಲ್ಲಿ ಕಿಲೋಗೆ 14 ಯೂರೋ ಎಂದು ಬೆಲೆ ಇಟ್ಟಿದ್ದೆ. ಸಿನ್ಯೋರಾ ಪೆನ್ಸಿಲ್ ತಗೊಂಡರು. ಹಸಿ ಬೀಜ 8. ಹುರಿದಾಗ ತೂಕ ನೂರಕ್ಕೆ ಹದಿನೈದು ಇಳಿಯುತ್ತದೆ, ಹಾಗಾಗಿ ಹುರಿದ ಒಂದು ಕಿಲೋಗೆ ಅದು 9.41. ಜರ್ಮನಿಯಲ್ಲಿ ಹುರಿದ ಕಾಫಿಗೇ ಒಂದು ಪ್ರತ್ಯೇಕ ತೆರಿಗೆ ಇದೆ, ಕಿಲೋಗೆ 2.19. ಪ್ಯಾಕೆಟ್, ಲೇಬಲ್, ಗ್ಯಾಸ್ ಸೇರಿ 1.40. ಒಟ್ಟು 13. ಹದಿನಾಲ್ಕರೊಳಗೇ ಸೇರಿರುವ ನೂರಕ್ಕೆ ಏಳರ ಮಾರಾಟ ತೆರಿಗೆ ಕಳೆದರೆ ಕೈಗೆ ಬರುವುದು 13.08.

ಎಂಟು ಸೆಂಟ್! ಬಾಡಿಗೆ ಇನ್ನೂ ಸೇರಿಸಿಲ್ಲ.

'ನೀನು ಎಲ್ಲಿದ್ದೀಯ ಇದರಲ್ಲಿ?' ಅಂತ ಕೇಳಿದರು. ಉತ್ತರ ಹೊಳೆಯಲಿಲ್ಲ. ಚಿಕ್ಕವನಿದ್ದಾಗ ವ್ಯಾಪಾರಿ ನಮ್ಮ ಕಣಕ್ಕೆ ಬಂದು, ಒಂದು ಬೀಜ ಕಚ್ಚಿ ನೋಡಿ ರೇಟು ಹೇಳುತ್ತಿದ್ದ. ಅಪ್ಪ ತಲೆಯಾಡಿಸುತ್ತಿದ್ದರು. ಬೆಲೆ ಅನ್ನೋದು ಬೇರೆಯವರು ಹೇಳುವ ವಿಷಯ ಅಂತಲೇ ನಾನು ಬೆಳೆದದ್ದು. 14 ಅನ್ನುವುದೂ ಸೂಪರ್‌ಮಾರ್ಕೆಟ್ ಪ್ಯಾಕೆಟ್ ನೋಡಿ ಬರೆದದ್ದು.

ಹೊಸ ಬೆಲೆ 24. ಬರೆಯುವಾಗಲೇ ಕೈ ತಡೆಯಿತು.

ವಾರ 11

ಲೈಪ್‌ಜಿಗ್‌ನ ಒಂದು ಕೆಫೆಗೆ ಮಾದರಿ ಕಳಿಸಿದ್ದೆ, ಅರವತ್ತು ಭಾಗ ಅರೇಬಿಕಾ, ನಲವತ್ತು ರೊಬಸ್ಟಾ. ಇವತ್ತು ವಿಡಿಯೋ ಕರೆ. ಸಿನ್ಯೋರಾ ಹೇಳಿಕೊಟ್ಟ ಉಪಾಯ ಇಷ್ಟೇ: ಬೆಲೆ ಹೇಳು, ಆಮೇಲೆ ನೀರು ಕುಡಿ. ಬಾಯಲ್ಲಿ ನೀರಿದ್ದರೆ 'ಬೇಕಾದ್ರೆ ಕಮ್ಮಿ ಮಾಡೋಣ' ಅನ್ನೋಕೆ ಆಗಲ್ಲ ಅಲ್ವಾ.

ಇಪ್ಪತ್ನಾಲ್ಕು ಅಂದೆ. ಕುಡಿದೆ. ಲೋಟ ಖಾಲಿಯಾಯಿತು, ಆ ಕಡೆಯಿಂದ ಇನ್ನೂ ಮಾತಿಲ್ಲ. ಖಾಲಿ ಲೋಟವನ್ನೇ ಮತ್ತೆ ಎತ್ತಿದೆ.

ಆಮೇಲೆ, 'ಮೊದಲು ಎರಡು ಕಿಲೋ ಕೊಡಿ, ನೋಡೋಣ' ಅಂದರು. ನಾನು ಕೇಳಿದ್ದು ಹತ್ತು ಕಿಲೋ ಆರ್ಡರ್. ಇರಲಿ.

ಇನ್ನು ಲೈಪ್‌ಜಿಗ್‌ನಲ್ಲಿ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಹುರಿಯುವ ಯಂತ್ರ ಹುಡುಕಬೇಕು. ಊರಿಂದ ಪಾರ್ಚ್‌ಮೆಂಟ್ (ಒಳಸಿಪ್ಪೆ ತೆಗೆಯದ ಬೀಜ) ಮಾದರಿ ತರಿಸಬೇಕು. ಅಪ್ಪನಿಗೆ ರೇಟು ಎಷ್ಟು ಬೇಕು ಅಂತ ಕೇಳಿದ್ದೇನೆ. 'ನೀನೇ ಹೇಳು' ಅಂತಾರೆ. ನೀವೇ ಹೇಳಿ ಅಂತ ನಾನೂ ಸುಮ್ನೆ ಕೂತಿದ್ದೇನೆ.