ನ್ಯೂಬರಿಪೋರ್ಟ್‌ನ ಕುಶಿಂಗ್ ಹೌಸ್ ನೋಡಲು ಹೋಗುವವರಿಗೆ

ಬಾಸ್ಟನ್‌ನಲ್ಲಿರುವ ಮಕ್ಕಳ ಮನೆಗೆ ಬಂದವರು ಸಾಮಾನ್ಯವಾಗಿ ಹಾರ್ವರ್ಡ್, ಬಂದರು, ಸೇಲಂ ನೋಡಿ ಮುಗಿಸುತ್ತಾರೆ. ಇನ್ನೂ ಒಂದು ದಿನ ಬಿಡುವಿದ್ದರೆ ಬಾಸ್ಟನ್‌ನ ಉತ್ತರಕ್ಕಿರುವ ಹಳೆಯ ಬಂದರು ಊರು ನ್ಯೂಬರಿಪೋರ್ಟ್‌ಗೆ ಹೋಗಿ. ಅಲ್ಲಿನ ಹೈ ಸ್ಟ್ರೀಟ್‌ನಲ್ಲಿ 1808ರ ಕುಶಿಂಗ್ ಹೌಸ್ ಇದೆ. ಈಗ ಅದು ಆ ಊರಿನ ಇತಿಹಾಸದ ಮ್ಯೂಸಿಯಂ.

ಕಾರು ಬೇಕಾಗಿಲ್ಲ. ಬಾಸ್ಟನ್‌ನ ನಾರ್ತ್ ಸ್ಟೇಷನ್‌ನಿಂದ ಕಮ್ಯೂಟರ್ ರೈಲಿನಲ್ಲಿ ಸುಮಾರು ಒಂದು ಗಂಟೆ. ಬೆವರ್ಲಿಯಲ್ಲಿ ಈ ಮಾರ್ಗ ಕವಲೊಡೆಯುತ್ತದೆ, ಒಂದು ರಾಕ್‌ಪೋರ್ಟ್ ಕಡೆಗೆ ಹೋಗುತ್ತದೆ. ಆದ್ದರಿಂದ ಬೋರ್ಡ್ ನೋಡಿಯೇ ಹತ್ತಿ. ನಿಮ್ಮ ರೈಲಿಗೆ ನ್ಯೂಬರಿಪೋರ್ಟೇ ಕೊನೆಯ ನಿಲ್ದಾಣ. ಅಲ್ಲಿಂದ ಊರೊಳಗೆ ನಡೆಯಲು ಹಳೆಯ ರೈಲು ಹಳಿಯ ಜಾಗದಲ್ಲಿ ಮಾಡಿದ ಒಳ್ಳೆಯ ಕಾಲುದಾರಿಯಿದೆ. ಮಂಡಿನೋವಿನವರು ಜೊತೆಗಿದ್ದರೆ ಟ್ಯಾಕ್ಸಿ ಹಿಡಿಯುವುದೇ ವಾಸಿ.

ಮನೆ ಮುಟ್ಟಿದ ಕೂಡಲೇ ಒಳಗೆ ನುಗ್ಗಬೇಡಿ. ರಸ್ತೆಯ ಆಚೆ ಬದಿಗೆ ನಿಂತು ಸ್ವಲ್ಪ ಹೊತ್ತು ನೋಡಿ. ಮೂರು ಅಂತಸ್ತಿನ ಇಟ್ಟಿಗೆ ಮನೆ, ಲೆಕ್ಕ ಹಾಕಿ ಜೋಡಿಸಿದ ಕಿಟಕಿಗಳು, ಆಡಂಬರ ಕಡಿಮೆ. ಅಮೆರಿಕ ಸ್ವತಂತ್ರವಾದ ಮೇಲೆ ಹಡಗು ವ್ಯಾಪಾರದಲ್ಲಿ ದುಡ್ಡು ಮಾಡಿದವರು ಇಂಥ ಮನೆಗಳನ್ನೇ ಕಟ್ಟಿಸಿದರು. ಇದಕ್ಕೆ ಫೆಡರಲ್ ಶೈಲಿ ಎನ್ನುತ್ತಾರೆ. ಹೈ ಸ್ಟ್ರೀಟ್ ಉದ್ದಕ್ಕೂ ಇಂಥವು ಇನ್ನೂ ಇವೆ, ಆದರೆ ಹೆಚ್ಚಿನವುಗಳಲ್ಲಿ ಜನ ಸಂಸಾರ ಮಾಡಿಕೊಂಡಿದ್ದಾರೆ. ಗೇಟಿನ ಹೊರಗಿಂದಲೇ ನೋಡಿ.

ಒಳಗೆ ಗೈಡ್ ಜೊತೆಗೇ ಸುತ್ತಿ. ಸುಮ್ನೆ ಬೆಳ್ಳಿ ಸಾಮಾನು, ಗಡಿಯಾರ, ಕುರ್ಚಿ ನೋಡುತ್ತಾ ಹೋದರೆ ಅರ್ಧ ಗಂಟೆಯಲ್ಲಿ ಬೇಜಾರಾಗುತ್ತದೆ. ಕಥೆ ಇರುವುದು ಮನೆಯವರಲ್ಲಿ. ಹಡಗಿನ ಕ್ಯಾಪ್ಟನ್ ಜಾನ್ ಕುಶಿಂಗ್ ಅವರ ಮಗ ಕೇಲೆಬ್ ಕುಶಿಂಗ್ ಈ ಊರಿನ ಮೊದಲ ಮೇಯರ್. ಅದಕ್ಕೂ ಮೊದಲೇ, 1844ರಲ್ಲಿ, ಚೀನಾಗೆ ಹೋಗಿ ಅಮೆರಿಕದ ಪರವಾಗಿ ಆ ದೇಶದ ಜೊತೆಗಿನ ಮೊದಲ ಒಪ್ಪಂದಕ್ಕೆ ಸಹಿ ಹಾಕಿದವರು. ಆಮೇಲೆ ದೇಶದ ಅಟಾರ್ನಿ ಜನರಲ್ ಕೂಡ ಆದರು. ಇಷ್ಟು ಚಿಕ್ಕ ಊರಿನಿಂದ! ಬಂದರಿನ ಊರಲ್ವಾ, ದೂರದ ದೇಶ ಇವರಿಗೆ ದೂರ ಅನ್ನಿಸಿರಲಿಕ್ಕಿಲ್ಲ.

ಚಳಿಗಾಲದಲ್ಲಿ ಹೋಗುವ ಯೋಚನೆ ಬೇಡ. ಟೂರ್ ನಡೆಯುವುದು ಹೆಚ್ಚಾಗಿ ಬೆಚ್ಚಗಿನ ತಿಂಗಳುಗಳಲ್ಲಿ, ಅದೂ ವಾರದ ಕೆಲವು ದಿನ ಮಾತ್ರ. ಹೊರಡುವ ಮುಂಚೆ ಫೋನ್ ಮಾಡಿ ಕೇಳಿಕೊಳ್ಳಿ.

ಮಧ್ಯಾಹ್ನ ನದಿ ಕಡೆಗೆ ಇಳಿಯಿರಿ. ಪೇಟೆಯೆಲ್ಲಾ ಇಟ್ಟಿಗೆಯದೇ. 1811ರ ಬೆಂಕಿಯಲ್ಲಿ ಮರದ ಕಟ್ಟಡಗಳು ಸುಟ್ಟುಹೋದ ಮೇಲೆ ಇಟ್ಟಿಗೆಯಲ್ಲೇ ಕಟ್ಟಬೇಕೆಂದು ಕಾನೂನು ಬಂತು. ಅಲ್ಲೇ ಹಳೆಯ ಕಸ್ಟಮ್ಸ್ ಕಟ್ಟಡದಲ್ಲಿ ಹಡಗುಗಳ ಮ್ಯೂಸಿಯಂ ಇದೆ. ಮಕ್ಕಳಿಗೆ ಅದೇ ಜಾಸ್ತಿ ಇಷ್ಟವಾಗಬಹುದು. ಕಾರಿನಲ್ಲಿ ಬಂದವರು ಪಕ್ಕದ ಪ್ಲಮ್ ಐಲೆಂಡ್‌ಗೂ ಹೋಗುತ್ತಾರೆ. ಜುಲೈ ಕೊನೆಯ ಹೊತ್ತಿಗೆ ಹೋಗುವುದಾದರೆ ತುಂಬು ತೋಳಿನ ಅಂಗಿ ಹಾಕಿಕೊಳ್ಳಿ, ಅಲ್ಲಿನ ಹಸಿರು ತಲೆಯ ನೊಣಗಳು ಚೆನ್ನಾಗಿಯೇ ಕಚ್ಚುತ್ತವೆ.