ಗ್ಲೂಕೋಸ್ ಡ್ರಿಪ್‌ಗೆ ಮುಂಚೆ ಬಿ1

ವಾರಗಟ್ಟಲೆ ವಾಂತಿಯಾಗಿ ಹೊಟ್ಟೆಯಲ್ಲಿ ಏನೂ ನಿಲ್ಲದ ಗರ್ಭಿಣಿ, ತೂಕ ಇಳಿಸಲು ಹೊಟ್ಟೆಯ ಆಪರೇಷನ್ ಮಾಡಿಸಿಕೊಂಡವರು, ಊಟ ಬಿಟ್ಟು ಕುಡಿತವನ್ನೇ ನೆಚ್ಚಿಕೊಂಡವರು. ಇಂಥವರ ಮಾತು, ನಡಿಗೆ ದಾರಿ ತಪ್ಪಿದರೆ ಮೊದಲು ವೆರ್ನಿಕೆ ಎನ್ಸೆಫಲೋಪತಿ ಎಂಬ ಮಿದುಳಿನ ಕಾಯಿಲೆಯ ಅನುಮಾನ ಬರಬೇಕು. ಇದಕ್ಕೆ ಕಾರಣ ವಿಟಮಿನ್ ಬಿ1, ಅಂದರೆ ಥಯಾಮಿನ್ ಕೊರತೆ.

ದೇಹದಲ್ಲಿ ಥಯಾಮಿನ್ ದಾಸ್ತಾನು ಇರುವುದೇ ಸುಮಾರು 30 ಮಿಲಿಗ್ರಾಂ. ಆಹಾರದಿಂದ ಬರುವುದು ನಿಂತರೆ ಎರಡು-ಮೂರು ವಾರಗಳಲ್ಲಿ ಖಾಲಿ. ಗ್ಲೂಕೋಸ್‌ನಿಂದ ಶಕ್ತಿ ತೆಗೆಯುವ ಕಿಣ್ವಗಳು ಥಯಾಮಿನ್ ಇಲ್ಲದೆ ನಡೆಯುವುದಿಲ್ಲ. ಹಾಗಾಗಿ ಬರಿದಾದ ದೇಹಕ್ಕೆ ಬರೀ ಗ್ಲೂಕೋಸ್ ಏರಿಸಿದರೆ ಉಳಿದ ಚೂರುಪಾರೂ ಖರ್ಚಾಗಿ ಮಿದುಳಿನ ಸ್ಥಿತಿ ಹದಗೆಡಬಹುದು. ಥಯಾಮಿನ್ ಮುಂಚೆ ಹೋಗಲಿ, ಇಲ್ಲವೇ ಜೊತೆಯಲ್ಲೇ ಹೋಗಲಿ. ಸಕ್ಕರೆ ಅಂಶ ತೀರಾ ಕುಸಿದಿದ್ದರೆ ಮಾತ್ರ ಗ್ಲೂಕೋಸ್‌ಗೆ ತಡ ಮಾಡುವಂತಿಲ್ಲ.

ಜರ್ಮನ್ ವೈದ್ಯ ಕಾರ್ಲ್ ವೆರ್ನಿಕೆ 1881ರಲ್ಲೇ ಈ ರೋಗವನ್ನು ವಿವರಿಸಿದ್ದರು. ಗೊಂದಲ, ಕಣ್ಣಿನ ಚಲನೆಯಲ್ಲಿ ದೋಷ, ಓಲಾಡುವ ನಡಿಗೆ ಎಂಬ ಮೂರು ಲಕ್ಷಣಗಳನ್ನು ಎಲ್ಲರೂ ಬಾಯಿಪಾಠ ಮಾಡುತ್ತಾರೆ. ಆದರೆ ಮೂರೂ ಒಟ್ಟಿಗೆ ಸಿಗುವುದು ಅಪರೂಪ. ಮೂರಕ್ಕೂ ಕಾದು ಕುಳಿತವರೇ ರೋಗವನ್ನು ಕೈತಪ್ಪಿಸಿಕೊಳ್ಳುವುದು. ರೋಗಿಯ ಮುಖದೆದುರು ಬೆರಳು ಹಿಡಿದು ನಿಧಾನವಾಗಿ ಪಕ್ಕಕ್ಕೆ ಸರಿಸಿ, ತಲೆ ತಿರುಗಿಸದೆ ಕಣ್ಣಲ್ಲೇ ಹಿಂಬಾಲಿಸಲು ಹೇಳಿ. ಕಣ್ಣುಗುಡ್ಡೆ ಅಂಚಿಗೆ ಹೋದಾಗ ನಿಲ್ಲದೆ ಪಟಪಟ ಅದುರುತ್ತದೆಯೇ? ಅಂಚಿನವರೆಗೆ ಹೋಗುವುದೇ ಇಲ್ಲವೇ? ಬೆರಳು ಎರಡಾಗಿ ಕಾಣುತ್ತಿದೆಯೇ? ಆಮೇಲೆ ಎಬ್ಬಿಸಿ ನಡೆಸಿ. ಪಾದಗಳನ್ನು ಅಗಲಿಸಿ, ಗೋಡೆ ಹಿಡಿದು ಹೆಜ್ಜೆ ಇಡುವವರನ್ನು 'ಕುಡಿದ ಅಮಲು' ಎಂದು ಮಲಗಿಸಿಬಿಡುವುದು ದೊಡ್ಡ ಅನ್ಯಾಯ. ಎಂಆರ್‌ಐ ಸರಿಯಾಗಿಯೇ ಕಂಡರೂ ರೋಗ ಇರಬಹುದು. ರಕ್ತ ಪರೀಕ್ಷೆಯ ವರದಿಗೆ ಕಾಯುವ ಮಾತೇ ಇಲ್ಲ.

ಚಿಕಿತ್ಸೆ ರಕ್ತನಾಳದ ಮೂಲಕವೇ ಆಗಬೇಕು. ಮಾತ್ರೆ ದೊಡ್ಡದಿದ್ದರೂ ಕರುಳು ಅದರಲ್ಲಿ ಹೀರುವುದು ಸ್ವಲ್ಪ ಭಾಗ ಮಾತ್ರ. ಸಾಮಾನ್ಯವಾಗಿ 500 ಮಿಲಿಗ್ರಾಂ ಥಯಾಮಿನ್ ಅನ್ನು ಸಲೈನ್‌ನಲ್ಲಿ ಬೆರೆಸಿ ಅರ್ಧ ಗಂಟೆಯಲ್ಲಿ ಹರಿಸುತ್ತಾರೆ, ದಿನಕ್ಕೆ ಮೂರು ಬಾರಿ, ಎರಡು-ಮೂರು ದಿನ. ಅಲರ್ಜಿ ಅಪರೂಪ, ಆದರೂ ಅದಕ್ಕೆ ಬೇಕಾದ ಔಷಧಿ ಪಕ್ಕದಲ್ಲಿರಲಿ. ಇಷ್ಟಾದರೂ ಚೇತರಿಕೆ ಕಾಣದಿದ್ದರೆ ರಕ್ತದಲ್ಲಿ ಮೆಗ್ನೀಸಿಯಮ್ ಎಷ್ಟಿದೆ ನೋಡಿಸಿ. ಅದು ಕಡಿಮೆಯಿದ್ದರೆ ಥಯಾಮಿನ್ ಕೆಲಸ ಮಾಡಲಾರದು.

ಕಣ್ಣು ಗಂಟೆಗಳಲ್ಲೋ ದಿನಗಳಲ್ಲೋ ಸುಧಾರಿಸುತ್ತದೆ. ನಡಿಗೆಗೆ ವಾರಗಳು ಬೇಕು. ತಡವಾದರೆ ಹೊಸದೇನೂ ನೆನಪಿನಲ್ಲಿ ನಿಲ್ಲದ ಕೊರ್ಸಕೋಫ್ ಸ್ಥಿತಿ ಉಳಿದುಬಿಡಬಹುದು. ಆದ್ದರಿಂದ ಕಣ್ಣು ನೆಟ್ಟಗಾಯಿತೆಂದು ಇಂಜೆಕ್ಷನ್ ನಿಲ್ಲಿಸಬೇಡಿ. ಸುಧಾರಣೆ ಕಾಣುತ್ತಿರುವವರೆಗೂ ದಿನಕ್ಕೆ 250 ಮಿಲಿಗ್ರಾಂ ಮುಂದುವರಿಯಲಿ.